ಪೋರ್ಟಲ್‌ಗೆ ಹಾಕಿದ ನೋಟಿಸ್ ನಮಗೆ ತಲುಪಿದಂತೆಯೇ?
ಓದುಗರ ಪ್ರಶ್ನೆಗಳಿಗೆ ಕಾನೂನಿನ ಉತ್ತರ

ಸರ್ಕಾರಿ ಕಚೇರಿಗಳು ಮತ್ತು ನಾಗರಿಕರ ನಡುವಿನ ವ್ಯವಹಾರ ಕಾಗದದಿಂದ ಪೋರ್ಟಲ್, ಇಮೇಲ್ ಮತ್ತು ಮೊಬೈಲ್ ಸಂದೇಶಗಳಿಗೆ ಹೊರಳಿದ ಮೇಲೆ ಹುಟ್ಟಿಕೊಂಡ ತಕರಾರುಗಳ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಈ ಬಾರಿ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಪತ್ರ ಬರೆದವರ ಹೆಸರು, ಊರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ನಾನು ಹಾರ್ಡ್‌ವೇರ್ ವ್ಯಾಪಾರಿ. ಜಿಎಸ್‌ಟಿ ನೋಂದಣಿ ಮಾಡಿಸುವಾಗ ನಮ್ಮ ಆಡಿಟರ್ ಅರ್ಜಿಯಲ್ಲಿ ತಮ್ಮದೇ ಇಮೇಲ್ ಮತ್ತು ಮೊಬೈಲ್ ಸಂಖ್ಯೆ ತುಂಬಿದ್ದರು. ಆಮೇಲೆ ನಾನು ಅವರನ್ನು ಬಿಟ್ಟೆ. ಈಗ ಬ್ಯಾಂಕ್ ಖಾತೆ ಜಪ್ತಿಯಾದ ಮೇಲೆ ನೋಡಿದರೆ ಕಾರಣ ಕೇಳುವ ನೋಟಿಸ್, ನೆನಪೋಲೆ, ಕೊನೆಗೆ ತೆರಿಗೆ ಮತ್ತು ದಂಡದ ಆದೇಶ ಎಲ್ಲವೂ ಪೋರ್ಟಲ್‌ನಲ್ಲಿವೆ. ಆದೇಶವಾಗಿ ಐದು ತಿಂಗಳಾಗಿದೆ. ಅಂಗಡಿಗೆ ಒಂದು ಕಾಗದವೂ ಬಂದಿಲ್ಲ. ಇದನ್ನು ನೋಟಿಸ್ ಜಾರಿ ಎನ್ನಬಹುದೇ?

ಉತ್ತರ: ಕಾನೂನಿನ ಅಕ್ಷರಕ್ಕೆ ಅಂಟಿಕೊಂಡು ಹೇಳುವುದಾದರೆ, ಎನ್ನಬಹುದು. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 169ನೇ ಕಲಂ ನೋಟಿಸ್ ಜಾರಿ ಮಾಡುವ ವಿಧಾನಗಳನ್ನು ಪಟ್ಟಿ ಮಾಡಿ, ಅವುಗಳಲ್ಲಿ ಯಾವುದಾದರೂ ಒಂದನ್ನು ಅನುಸರಿಸಿದರೆ ಸಾಕು ಎನ್ನುತ್ತದೆ. ಕೈಗೆ ಕೊಡುವುದು, ಸ್ವೀಕೃತಿ ಇರುವ ಅಂಚೆ ಅಥವಾ ಕೊರಿಯರ್‌ನಲ್ಲಿ ಕಳಿಸುವುದು, ನೋಂದಣಿಯ ವೇಳೆ ಕೊಟ್ಟ ಇಮೇಲ್‌ಗೆ ಕಳಿಸುವುದು ಮತ್ತು ಪೋರ್ಟಲ್‌ನಲ್ಲಿ ಲಭ್ಯವಾಗಿಸುವುದು ಇವೆಲ್ಲ ಆ ಪಟ್ಟಿಯಲ್ಲಿ ಸಮಾನವಾಗಿಯೇ ನಿಂತಿವೆ. ಅಧಿಕಾರಿ ಇವುಗಳಲ್ಲಿ ತನಗೆ ಅತ್ಯಂತ ಸುಲಭವಾದದ್ದನ್ನು ಆರಿಸಿಕೊಂಡರೆ ಕಾಯ್ದೆ ನೇರವಾಗಿ ತಡೆಯುವುದಿಲ್ಲ.

2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 13ನೇ ಕಲಂ ಕೂಡ ಇಮೇಲ್ ವಿಚಾರದಲ್ಲಿ ನಿಮ್ಮ ನೆರವಿಗೆ ಬರುವುದು ಕಷ್ಟ. ಸಂದೇಶ ಪಡೆಯುವವರು ಒಂದು ವಿಳಾಸವನ್ನು ತಾವಾಗಿಯೇ ಗೊತ್ತುಪಡಿಸಿದ್ದರೆ, ಸಂದೇಶವು ಆ ವಿಳಾಸದ ವ್ಯವಸ್ಥೆಯನ್ನು ಹೊಕ್ಕ ಕ್ಷಣವೇ ಅದು ತಲುಪಿದ ಕ್ಷಣ. ತೆರೆದು ಓದಿದಿರೋ ಇಲ್ಲವೋ ಎಂಬುದನ್ನು ಕಾನೂನು ಕೇಳುವುದೇ ಇಲ್ಲ. ಗೊತ್ತುಪಡಿಸಿದ ವಿಳಾಸವನ್ನು ಬಿಟ್ಟು ನಿಮ್ಮ ಬೇರೊಂದು ವಿಳಾಸಕ್ಕೆ ಕಳಿಸಿದ್ದರೆ ಮಾತ್ರ ನೀವು ಅದನ್ನು ತೆಗೆದು ನೋಡಿದಾಗ ತಲುಪಿದಂತಾಗುತ್ತದೆ. ನೋಂದಣಿ ಅರ್ಜಿಯಲ್ಲಿ ನಿಮ್ಮ ಪರವಾಗಿ ಬರೆದ ಆಡಿಟರ್‌ನ ಇಮೇಲ್, ಕಾನೂನಿನ ಕಣ್ಣಿಗೆ, ನೀವೇ ಗೊತ್ತುಪಡಿಸಿದ ವಿಳಾಸ. ಅರ್ಜಿಯ ಆ ಒಂದು ಚೌಕವನ್ನು ಯಾರೂ ಮಹತ್ವದ್ದೆಂದು ಭಾವಿಸುವುದಿಲ್ಲ, ಆದರೆ ಮುಂದಿನ ಎಲ್ಲ ಗಡುವುಗಳ ಲೆಕ್ಕ ಅಲ್ಲಿಂದಲೇ ಶುರುವಾಗುತ್ತದೆ.

ಇಷ್ಟಾದರೂ ನಿಮ್ಮ ದಾರಿ ಮುಚ್ಚಿಲ್ಲ. ಪೋರ್ಟಲ್‌ಗೆ ಹಾಕಿದ ನೋಟಿಸ್‌ಗಳಿಗೆ ತೆರಿಗೆದಾರ ಮೇಲಿಂದ ಮೇಲೆ ಉತ್ತರಿಸದೆ ಇರುವಾಗ, ಅದೇ ಪೋರ್ಟಲ್‌ಗೆ ಇನ್ನೊಂದು ನೆನಪೋಲೆ ಹಾಕಿ ಕೈತೊಳೆದುಕೊಳ್ಳುವ ಬದಲು 169ನೇ ಕಲಮಿನಲ್ಲೇ ಹೇಳಿರುವ ಬೇರೆ ವಿಧಾನವನ್ನೂ ಅಧಿಕಾರಿ ಬಳಸಿ ನೋಡಬೇಕಿತ್ತು ಎಂದು ಮದ್ರಾಸ್ ಹೈಕೋರ್ಟ್ ಹಲವು ಪ್ರಕರಣಗಳಲ್ಲಿ ಹೇಳಿದೆ. ನೋಟಿಸ್‌ಗಳು ಸಾಮಾನ್ಯವಾಗಿ ನೋಡುವ ಪುಟದಲ್ಲಿ ಕಾಣಿಸದೆ ‘ಅಡಿಷನಲ್ ನೋಟಿಸಸ್ ಅಂಡ್ ಆರ್ಡರ್ಸ್’ ಎಂಬ ಮತ್ತೊಂದು ಕೊಂಡಿಯ ಕೆಳಗೆ ಸೇರಿಕೊಂಡಿದ್ದ ಕಾರಣಕ್ಕೆ ಆದೇಶ ರದ್ದಾಗಿ ಮರುವಿಚಾರಣೆಗೆ ಹೋದ ಉದಾಹರಣೆಗಳೂ ಇವೆ. ಎಲ್ಲ ಹೈಕೋರ್ಟ್‌ಗಳೂ ಇದೇ ಧಾಟಿಯಲ್ಲಿಲ್ಲ; ಕಾಯ್ದೆ ಪೋರ್ಟಲ್ ಸಾಕೆಂದ ಮೇಲೆ ಸಾಕು ಎಂದವರೂ ಇದ್ದಾರೆ.

ಈಗ ಮಾಡಬೇಕಾದದ್ದು ಇಷ್ಟು. ಜಿಎಸ್‌ಟಿ ಕಾಯ್ದೆಯ 107ನೇ ಕಲಮಿನ ಪ್ರಕಾರ ಆದೇಶ ತಿಳಿಸಿದ ದಿನದಿಂದ ಮೂರು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬೇಕು, ಸಕಾರಣವಿದ್ದರೆ ಇನ್ನೊಂದು ತಿಂಗಳು ವಿಳಂಬವನ್ನು ಮನ್ನಿಸಲು ಅವಕಾಶವಿದೆ. ಐದು ತಿಂಗಳಾಗಿರುವುದರಿಂದ ಇಲಾಖೆ ನಿಮ್ಮ ಮೇಲ್ಮನವಿಯನ್ನು ಕಾಲಮಿತಿಯ ಕಾರಣಕ್ಕೆ ತಳ್ಳಿಹಾಕುವ ಸಂಭವ ಹೆಚ್ಚು. ಆದ್ದರಿಂದ ವಕೀಲರ ಮೂಲಕ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟ್‌ಗೆ ರಿಟ್ ಅರ್ಜಿ ಸಲ್ಲಿಸುವುದೇ ಪ್ರಾಯೋಗಿಕ ದಾರಿ. ಪ್ರತಿಕೂಲ ಆದೇಶ ಮಾಡುವ ಮುನ್ನ ಖುದ್ದು ಅಹವಾಲು ಹೇಳಿಕೊಳ್ಳಲು ಅವಕಾಶ ಕೊಡಬೇಕೆಂಬ 75(4)ನೇ ಕಲಂ ಪಾಲನೆಯಾಗಿದೆಯೇ ಎಂಬುದನ್ನೂ ಪರಿಶೀಲಿಸಿ. ಕೆಲವು ನೋಟಿಸ್‌ಗಳಲ್ಲಿ ವಿಚಾರಣೆಯ ದಿನಾಂಕದ ಜಾಗದಲ್ಲಿ ಬರೀ ಗೆರೆ ಇರುತ್ತದೆ, ಅದೇ ನಿಮ್ಮ ಬಲವಾದ ವಾದವಾಗಬಹುದು. ನ್ಯಾಯಾಲಯ ಮರುವಿಚಾರಣೆಗೆ ಒಪ್ಪಿದರೂ ವಿವಾದಿತ ತೆರಿಗೆಯ ಒಂದು ಪಾಲನ್ನು ಮೊದಲು ಕಟ್ಟಬೇಕೆಂಬ ಷರತ್ತು ಹಾಕಬಹುದು, ಅದಕ್ಕೆ ಸಿದ್ಧರಾಗಿರಿ.

ಇಮೇಲ್ ಮತ್ತು ಮೊಬೈಲ್ ಸಂಖ್ಯೆಯನ್ನು ಇವತ್ತೇ ಬದಲಾಯಿಸಿ. ಹಳೆಯ ಆಡಿಟರ್ ಪಾಸ್‌ವರ್ಡ್ ಕೊಡದಿದ್ದರೆ ದಾಖಲೆಗಳೊಂದಿಗೆ ನಿಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಯ ಬಳಿ ಹೋಗಿ ಅವರ ಮೂಲಕವೇ ಬದಲಾಯಿಸಿಕೊಳ್ಳುವ ವ್ಯವಸ್ಥೆ 2018ರಿಂದಲೇ ಇದೆ. ಮಧ್ಯವರ್ತಿಗಳು ತಮ್ಮ ವಿಳಾಸ ತುಂಬುವ ದೂರುಗಳು ಬಂದದ್ದರಿಂದಲೇ ಅದನ್ನು ತಂದದ್ದು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಕಚೇರಿಯೊಂದರ ಜಾಲತಾಣದಲ್ಲಿ ಕೊಟ್ಟಿರುವ ಇಮೇಲ್‌ಗೆ ಅರ್ಜಿ ಕಳಿಸಿದೆ. ಉತ್ತರ ಬಾರದಿದ್ದಾಗ ಹೋಗಿ ವಿಚಾರಿಸಿದರೆ, “ಇಮೇಲ್ ಎಲ್ಲ ಇಲ್ಲಿ ನಡೆಯೋದಿಲ್ಲ ಸಾರ್, ಟಪಾಲಿನಲ್ಲಿ ಕೊಡಿ” ಎಂದರು. ಅವರು ಹಾಗೆ ಹೇಳಬಹುದೇ?

ಉತ್ತರ: ಬೇಸರದ ಸಂಗತಿಯೆಂದರೆ ಬಹುಪಾಲು ಸಂದರ್ಭಗಳಲ್ಲಿ ಹೇಳಬಹುದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 4ನೇ ಕಲಂ ವಿದ್ಯುನ್ಮಾನ ದಾಖಲೆಗೆ ಬರಹದ ಮಾನ್ಯತೆ ಕೊಡುತ್ತದೆ, 6ನೇ ಕಲಂ ಸರ್ಕಾರಕ್ಕೆ ಅರ್ಜಿ ಸಲ್ಲಿಸುವುದನ್ನೂ ಪರವಾನಗಿ ಪಡೆಯುವುದನ್ನೂ ಶುಲ್ಕ ಕಟ್ಟುವುದನ್ನೂ ವಿದ್ಯುನ್ಮಾನ ರೂಪದಲ್ಲಿ ಮಾಡಲು ಅವಕಾಶ ಕಲ್ಪಿಸುತ್ತದೆ. ಇವೆರಡನ್ನು ಓದಿ ಖುಷಿಪಟ್ಟವರು 9ನೇ ಕಲಮಿಗೆ ಬಂದಾಗ ನಿಲ್ಲಬೇಕಾಗುತ್ತದೆ: ಸರ್ಕಾರದ ಯಾವುದೇ ಇಲಾಖೆ ವಿದ್ಯುನ್ಮಾನ ರೂಪದಲ್ಲಿಯೇ ದಾಖಲೆ ಸ್ವೀಕರಿಸಬೇಕೆಂದು ಒತ್ತಾಯಿಸುವ ಹಕ್ಕನ್ನು ಈ ಕಲಮುಗಳು ಯಾರಿಗೂ ಕೊಡುವುದಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿದೆ. ಮೊದಲನೆಯ ಪ್ರಶ್ನೆಯ ಪಕ್ಕದಲ್ಲಿಟ್ಟು ನೋಡಿದರೆ ಇದರ ಅಸಮತೋಲನ ಎದ್ದು ಕಾಣುತ್ತದೆ. ಇಲಾಖೆ ಕಳಿಸಿದ ಇಮೇಲ್ ನಿಮ್ಮನ್ನು ಕಟ್ಟಿಹಾಕುತ್ತದೆ, ನೀವು ಕಳಿಸಿದ ಇಮೇಲ್ ಇಲಾಖೆಯನ್ನು ಕಟ್ಟಿಹಾಕಬೇಕೆಂದಿಲ್ಲ. 2000ದಲ್ಲಿ ಕಚೇರಿಗಳಲ್ಲಿ ಕಂಪ್ಯೂಟರ್‌ಗಳೇ ಅಪರೂಪವಾಗಿದ್ದಾಗ ಈ ವಿನಾಯಿತಿಗೆ ಅರ್ಥವಿತ್ತು. ಇಂದು ಅದನ್ನು ಉಳಿಸಿಕೊಳ್ಳಲು ಒಳ್ಳೆಯ ಕಾರಣ ನನಗಂತೂ ಕಾಣುವುದಿಲ್ಲ.

ವಿಶೇಷ ಕಾಯ್ದೆಗಳು ಬೇರೆ ಮಾತು ಹೇಳುವಲ್ಲಿ ನಿಮ್ಮ ಸ್ಥಿತಿ ಉತ್ತಮ. 2005ರ ಮಾಹಿತಿ ಹಕ್ಕು ಕಾಯ್ದೆಯ 6(1)ನೇ ಕಲಂ ಲಿಖಿತವಾಗಿ ಇಲ್ಲವೇ ವಿದ್ಯುನ್ಮಾನ ಮಾಧ್ಯಮದ ಮೂಲಕ ಕೋರಿಕೆ ಸಲ್ಲಿಸಬಹುದೆನ್ನುತ್ತದೆ, ಆದರೆ ಶುಲ್ಕ ಸಂದಾಯವಾಗದ ಕೋರಿಕೆ ಪೂರ್ಣವಾಗುವುದಿಲ್ಲ, ಆದ್ದರಿಂದ ಬರೀ ಇಮೇಲ್‌ಗಿಂತ ಶುಲ್ಕ ಕಟ್ಟಲು ಅನುಕೂಲವಿರುವ ಆರ್‌ಟಿಐ ಪೋರ್ಟಲ್ ಮೇಲು. ನಿಮಗೆ ಬೇಕಾದ ಸೇವೆ ‘ಸಕಾಲ’ದ ಪಟ್ಟಿಯಲ್ಲಿದೆಯೇ ನೋಡಿ. 2011ರ ಆ ಕಾಯ್ದೆಯಡಿ ಅರ್ಜಿ ಸ್ವೀಕರಿಸಿದ ಕೂಡಲೇ ಜಿಎಸ್‌ಸಿ ಸಂಖ್ಯೆ, ಅಂದರೆ ನಿಮ್ಮ ಅರ್ಜಿಯ ಗುರುತಿನ ಸಂಖ್ಯೆ, ಕೊಡಬೇಕು, ಅದರಿಂದ ಕಾಲಮಿತಿಯ ಎಣಿಕೆ ಶುರುವಾಗುತ್ತದೆ, ತಪ್ಪಿದರೆ ಸಕ್ಷಮ ಅಧಿಕಾರಿಗೂ ಅಲ್ಲಿಂದ ಮುಂದೆ ಮೇಲ್ಮನವಿ ಪ್ರಾಧಿಕಾರಕ್ಕೂ ಹೋಗಬಹುದು. ವಿಳಂಬಕ್ಕೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರವೂ ಉಂಟು. ಮೊತ್ತ ಸಣ್ಣದು, ಆದರೆ ಅದು ಅಧಿಕಾರಿಯ ಸಂಬಳದಿಂದ ವಸೂಲಾಗುತ್ತದೆ ಎಂಬುದರಿಂದ ಕಡತ ಸ್ವಲ್ಪ ಚುರುಕಾಗುತ್ತದೆ.

ಇವೆರಡೂ ಅನ್ವಯಿಸದಿದ್ದರೆ ಇಮೇಲ್‌ನ ಮುದ್ರಿತ ಪ್ರತಿಯನ್ನು ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಅರ್ಜಿ ತಿರಸ್ಕರಿಸುವುದಾದರೆ ಬಾಯಿಮಾತಿನಲ್ಲಿ ಹೇಳದೆ ಹಿಂಬರಹ ಕೊಡಿ ಎಂದು ಕೇಳಿ. ಹಿಂಬರಹ ಕೈಗೆ ಬರದೆ ಮುಂದಿನ ಮೆಟ್ಟಿಲು ಹತ್ತಲು ಆಧಾರವೇ ಇರುವುದಿಲ್ಲ.

ಪ್ರಶ್ನೆ: ಮೇಲ್ಮನವಿ ಸಲ್ಲಿಸುವ ಕೊನೆಯ ದಿನ ಸರ್ವರ್ ಕೈಕೊಟ್ಟಿತು. ಮರುದಿನ ‘ಅವಧಿ ಮುಗಿದಿದೆ’ ಎಂದು ಪರದೆಯ ಮೇಲೆ ಬಂತು. ಇದು ನನ್ನ ತಪ್ಪೇ?

ಉತ್ತರ: ತಪ್ಪು ನಿಮ್ಮದಲ್ಲ, ಆದರೆ ಅದನ್ನು ಸಾಬೀತು ಮಾಡುವ ಹೊರೆ ನಿಮ್ಮ ಮೇಲಿದೆ. ಕೊನೆಯ ದಿನ ಕಚೇರಿ ಮುಚ್ಚಿದ್ದರೆ ಅದು ತೆರೆಯುವ ಮರುದಿನ ಸಲ್ಲಿಸಿದ್ದೂ ಸಕಾಲದ್ದೇ ಎಂಬ ನಿಯಮ 1897ರ ಸಾಮಾನ್ಯ ಖಂಡಗಳ ಕಾಯ್ದೆಯ 10ನೇ ಕಲಮಿನಲ್ಲಿದೆ. ಸರ್ವರ್ ನಿಂತದ್ದನ್ನು ಕಚೇರಿ ಮುಚ್ಚಿದ್ದಕ್ಕೆ ಸಮ ಎಂದು ವಾದಿಸಬಹುದು; ಆದರೆ ಕಲಮಿನಲ್ಲಿರುವುದು ನ್ಯಾಯಾಲಯ ಮತ್ತು ಕಚೇರಿ ಎಂಬ ಮಾತುಗಳೇ ಹೊರತು ಜಾಲತಾಣವಲ್ಲ. ಹಾಗಾಗಿ ಆ ವಾದವೊಂದನ್ನೇ ನಂಬಿ ಕೂರದೆ, ವಿಳಂಬ ಮನ್ನಾ ಕೋರುವ ಅರ್ಜಿಯನ್ನು ಮೇಲ್ಮನವಿಯ ಜೊತೆಗೇ ಹಾಕಿ.

ಅರ್ಜಿಗೆ ಬೇಕಾದ ಪುರಾವೆ ಅದೇ ರಾತ್ರಿ ಸಂಗ್ರಹವಾಗಿರಬೇಕು. ದೋಷದ ಸಂದೇಶ, ಜಾಲತಾಣದ ವಿಳಾಸ ಕಾಣುವ ಪಟ್ಟಿ, ಗಡಿಯಾರ ಮೂರೂ ಕಾಣುವಂತೆ ತೆಗೆದ ಸ್ಕ್ರೀನ್‌ಶಾಟ್, ಸಹಾಯವಾಣಿಗೆ ಬರೆದ ದೂರಿನ ಟಿಕೆಟ್ ಸಂಖ್ಯೆ, ಹಣ ಕಡಿತವಾಗಿದ್ದರೆ ಬ್ಯಾಂಕ್ ಸಂದೇಶ. ನ್ಯಾಯಾಲಯದ ಮುಂದೆ ಇವುಗಳನ್ನು ಇಡುವಾಗ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ, ಅಂದರೆ ಆ ದಾಖಲೆ ಯಾವ ಸಾಧನದಿಂದ ಬಂತೆಂದು ಹೇಳುವ ಪತ್ರ, ಬೇಕಾಗಬಹುದು, ಹಾಗಾಗಿ ಚಿತ್ರ ತೆಗೆದ ಫೋನನ್ನು ಮಾರಿಬಿಡಬೇಡಿ. ಇನ್ನೊಂದು ಮಾತು: ‘ಸೇವ್’ ಆದ ಅರ್ಜಿ ಸಲ್ಲಿಕೆಯಾದ ಅರ್ಜಿಯಲ್ಲ. ಸ್ವೀಕೃತಿ ಸಂಖ್ಯೆ ಹುಟ್ಟದಿದ್ದರೆ ಏನೂ ಸಲ್ಲಿಕೆಯಾಗಿಲ್ಲ ಎಂದೇ ತಿಳಿಯಿರಿ. ಕೇಂದ್ರದ ಕುಂದುಕೊರತೆ ಪೋರ್ಟಲ್‌ನಲ್ಲಿ ದೂರು ದಾಖಲಿಸಿದ್ದರಿಂದ ಮೇಲ್ಮನವಿಯ ಗಡುವು ನಿಲ್ಲುವುದಿಲ್ಲ; ಹಾಗೆ ನಂಬಿ ಕಾಯುತ್ತಾ ಕುಳಿತು ಅವಧಿ ಕಳೆದುಕೊಂಡವರ ಪತ್ರಗಳು ನಮಗೆ ಬರುತ್ತಲೇ ಇರುತ್ತವೆ.

ಪ್ರಶ್ನೆ: ಪೊಲೀಸ್ ಠಾಣೆಯಿಂದ ಎಂದು ಹೇಳಿ ವಾಟ್ಸ್‌ಆ್ಯಪ್‌ನಲ್ಲಿ ವಿಚಾರಣೆಯ ನೋಟಿಸ್ ಬಂದಿದೆ. ಹೋಗದಿದ್ದರೆ ಬಂಧಿಸುತ್ತಾರೆಯೇ?

ಉತ್ತರ: ಬಂಧನದ ಅಗತ್ಯವಿಲ್ಲದಾಗ ಹಾಜರಾಗಲು ಹೇಳುವ ನೋಟಿಸ್ ಅನ್ನು, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 41ಎ ಮತ್ತು ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಮಿನ ನೋಟಿಸ್ ಅನ್ನು, ವಾಟ್ಸ್‌ಆ್ಯಪ್ ಅಥವಾ ಬೇರೆ ವಿದ್ಯುನ್ಮಾನ ವಿಧಾನದಲ್ಲಿ ಜಾರಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಸತೇಂದರ್ ಕುಮಾರ್ ಆಂಟಿಲ್ ಪ್ರಕರಣದಲ್ಲಿ 2025ರ ಜನವರಿಯಲ್ಲಿ ಹೇಳಿದೆ. ವ್ಯಕ್ತಿಯ ಸ್ವಾತಂತ್ರ್ಯದ ಪ್ರಶ್ನೆ ಬಂದಾಗ ಫೋನಿನ ನೀಲಿ ಗೆರೆಗಳು ಸಾಕಾಗುವುದಿಲ್ಲ. ಆದರೂ ಸಂದೇಶವನ್ನು ಅಳಿಸಬೇಡಿ. ಅದರಲ್ಲಿರುವ ಸಂಖ್ಯೆಗೆ ಕರೆ ಮಾಡದೆ, ಠಾಣೆಯ ಸಂಖ್ಯೆಯನ್ನು ಬೇರೆ ಮೂಲದಿಂದ ಹುಡುಕಿ ವಿಚಾರಿಸಿ. ವಿಡಿಯೊ ಕರೆಯಲ್ಲಿ ‘ಡಿಜಿಟಲ್ ಅರೆಸ್ಟ್’ ಎಂದರೆ ಅದು ವಂಚನೆಯೇ ಸರಿ, ಅಂಥ ಬಂಧನ ನಮ್ಮ ಕಾನೂನಿನಲ್ಲಿಲ್ಲ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಿ. ಆದಾಯ ತೆರಿಗೆಯ ನೋಟಿಸ್ ಎಂದು ಬಂದರೆ ಅದರ ಮೇಲಿನ ಡಿಐಎನ್ (ದಾಖಲೆಯ ಗುರುತಿನ) ಸಂಖ್ಯೆಯನ್ನು ಇಲಾಖೆಯ ಪೋರ್ಟಲ್‌ನಲ್ಲಿ ಹಾಕಿ ಅಸಲಿಯೋ ನಕಲಿಯೋ ನೋಡಬಹುದು. 2019ರ ಅಕ್ಟೋಬರ್ 1ರಿಂದ ಆ ಸಂಖ್ಯೆ ಕಡ್ಡಾಯ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಪಡೆದ ಪ್ರಮಾಣಪತ್ರದಲ್ಲಿ ಡಿಜಿಟಲ್ ಸಹಿ ಇದೆ, ಆದರೆ ಪಿಡಿಎಫ್ ತೆರೆದರೆ ಹಳದಿ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತದೆ. ಮುದ್ರಿಸಿ ಕೊಟ್ಟರೆ “ಸೀಲು, ಪೆನ್ನಿನ ಸಹಿ ಎಲ್ಲಿ?” ಎನ್ನುತ್ತಾರೆ.

ಉತ್ತರ: ಆ ಚಿಹ್ನೆಯ ಅರ್ಥ ಸಹಿ ಸುಳ್ಳು ಎಂದಲ್ಲ, ಸಹಿಯ ಹಿಂದಿರುವ ಪ್ರಮಾಣೀಕರಣ ಸಂಸ್ಥೆಯನ್ನು ನಿಮ್ಮ ಕಂಪ್ಯೂಟರಿನ ತಂತ್ರಾಂಶ ಇನ್ನೂ ನಂಬಿಲ್ಲ ಎಂದಷ್ಟೇ. ಸಹಿಯ ಮೇಲೆ ಒತ್ತಿ, ಪ್ರಮಾಣಪತ್ರದ ವಿವರ ನೋಡಿ, ಅದನ್ನು ನಂಬಿಗಸ್ತರ ಪಟ್ಟಿಗೆ ಸೇರಿಸಿ ಮತ್ತೆ ಪರಿಶೀಲಿಸಿದರೆ ಹಸಿರು ಗುರುತು ಬರುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 5ನೇ ಕಲಂ ವಿದ್ಯುನ್ಮಾನ ಸಹಿಗೆ ಕೈಸಹಿಯ ಮಾನ್ಯತೆ ಕೊಟ್ಟಿರುವುದರಿಂದ ಮೇಲೆ ಸೀಲು ಬೇಕೆನ್ನುವುದಕ್ಕೆ ಆಧಾರವಿಲ್ಲ. ಆದರೆ ಸಹಿ ಇರುವುದು ಕಡತದಲ್ಲೇ ಹೊರತು ಕಾಗದದಲ್ಲಲ್ಲ. ಮುದ್ರಿಸಿದೊಡನೆ ಸಹಿ ಬರೀ ಚಿತ್ರವಾಗುತ್ತದೆ, ಆಗ ಪರಿಶೀಲನೆಗೆ ಉಳಿಯುವುದು ಕ್ಯೂಆರ್ ಸಂಕೇತ ಅಥವಾ ಪ್ರಮಾಣಪತ್ರದ ಸಂಖ್ಯೆ. ಗುಮಾಸ್ತರ ಅನುಮಾನದಲ್ಲಿ ಅಷ್ಟರಮಟ್ಟಿಗೆ ಹುರುಳಿದೆ. ಆದರೆ ಅದಕ್ಕೆ ಪರಿಹಾರ ಅವರೇ ಸಂಕೇತವನ್ನು ಸ್ಕ್ಯಾನ್ ಮಾಡಿ ನೋಡುವುದು, ನಿಮ್ಮನ್ನು ಮತ್ತೊಂದು ಕಚೇರಿಗೆ ಅಲೆಸುವುದಲ್ಲ. ಕಡತವನ್ನು ಇಮೇಲ್ ಮಾಡಿ, ಇಲ್ಲವೇ ಡಿಜಿಲಾಕರ್‌ನಲ್ಲಿ ತೋರಿಸಿ. ಡಿಜಿಲಾಕರ್‌ನಲ್ಲಿ ಇಲಾಖೆಯೇ ನೀಡಿದ ದಾಖಲೆಗಳು ಮೂಲ ದಾಖಲೆಗೆ ಸಮವೆಂದು ಕೇಂದ್ರದ ನಿಯಮವಿದೆ. ನೀವೇ ಸ್ಕ್ಯಾನ್ ಮಾಡಿ ಏರಿಸಿದ ಪ್ರತಿಗೆ ಆ ಮಾನ್ಯತೆ ಇಲ್ಲ.

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿ. ಆಡಳಿತ ಕಾರ್ಯವಿಧಾನಕ್ಕೆಂದೇ, ಅಂದರೆ ಸರ್ಕಾರಿ ಕಚೇರಿಗಳು ನಾಗರಿಕರೊಂದಿಗೆ ವ್ಯವಹರಿಸುವ ಕ್ರಮಕ್ಕೆಂದೇ, ಹಲವು ದೇಶಗಳಲ್ಲಿ ಒಂದೇ ಕಾಯ್ದೆ ಇದೆಯಂತೆ. ನಮ್ಮಲ್ಲಿ ಏಕಿಲ್ಲ? ಇದ್ದಿದ್ದರೆ ವ್ಯತ್ಯಾಸವಾಗುತ್ತಿತ್ತೇ?

ಉತ್ತರ: ಅಮೆರಿಕದಲ್ಲಿ 1946ರಿಂದಲೂ ಜರ್ಮನಿಯಲ್ಲಿ 1976ರಿಂದಲೂ ಅಂಥ ಸಾಮಾನ್ಯ ಕಾಯ್ದೆಗಳಿವೆ. ನಮ್ಮಲ್ಲಿ ಆ ಜಾಗವನ್ನು ನ್ಯಾಯಾಲಯಗಳು ಬೆಳೆಸಿದ, ಯಾರ ಮಾತನ್ನೂ ಕೇಳದೆ ಅವರ ವಿರುದ್ಧ ತೀರ್ಮಾನಿಸಬಾರದು ಎಂಬಂಥ ಸಹಜ ನ್ಯಾಯದ ತತ್ವಗಳು ತುಂಬಿವೆ. 1969ರ ಕ್ರೈಪಾಕ್, 1978ರ ಮೇನಕಾ ಗಾಂಧಿ ತೀರ್ಪುಗಳನ್ನು ನೀವು ಓದಿಯೇ ಇರುತ್ತೀರಿ. ಅವುಗಳ ಜೊತೆಗೆ ಅಮರ್ ಸಿಂಗ್ ಹರಿಕಾ ಪ್ರಕರಣದ 1966ರ ತೀರ್ಪನ್ನೂ ಓದಿ: ವಜಾ ಆದೇಶವನ್ನು ಬರೆದು ಕಡತದಲ್ಲಿಟ್ಟುಕೊಂಡ ಮಾತ್ರಕ್ಕೆ ಅದು ಜಾರಿಗೆ ಬರುವುದಿಲ್ಲ, ನೌಕರನಿಗೆ ತಿಳಿಸಿದ ಮೇಲೆಯೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿತು. ಪೋರ್ಟಲ್‌ಗೆ ಹಾಕುವುದು ‘ತಿಳಿಸುವುದೇ’ ಎಂಬ ಇಂದಿನ ಜಗಳದ ಬೇರು ಅಲ್ಲಿದೆ.

ವ್ಯತ್ಯಾಸ ಖಂಡಿತ ಆಗುತ್ತಿತ್ತು. ಜರ್ಮನಿಯ ಕಾಯ್ದೆಯ 3ಎ ಕಲಂ ನೋಡಿ. ನಾಗರಿಕ ವಿದ್ಯುನ್ಮಾನ ಸಂಪರ್ಕಕ್ಕೆ ತಾನಾಗಿ ಬಾಗಿಲು ತೆರೆದಿದ್ದರೆ ಮಾತ್ರ ಆ ಮಾರ್ಗ ಊರ್ಜಿತವಾಗುತ್ತದೆ. ಇಲಾಖೆಗೂ ಇದೇ ನಿಯಮ. ಹೀಗೆ ಕಳಿಸಿದ ಆದೇಶವು ಕಳಿಸಿದ ದಿನದ ನಂತರದ ನಾಲ್ಕನೆಯ ದಿನ ತಲುಪಿದಂತೆ ಭಾವಿಸಲಾಗುತ್ತದೆ. 2024ರವರೆಗೆ ಅದು ಮೂರನೆಯ ದಿನವಾಗಿತ್ತು. ನನಗೆ ಮುಖ್ಯವೆನಿಸುವುದು ಇದರ ಮುಂದಿನ ಮಾತು: ತಲುಪಿತೋ ಇಲ್ಲವೋ, ಯಾವಾಗ ತಲುಪಿತು ಎಂಬ ಅನುಮಾನ ಬಂದರೆ ಸಾಬೀತು ಮಾಡಬೇಕಾದವರು ಇಲಾಖೆಯವರು. ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಯ 13ನೇ ಕಲಂ ವ್ಯಾಪಾರಿ ಒಪ್ಪಂದಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದ್ದು. ಇಬ್ಬರು ಸಮಾನರ ನಡುವಿನ ನಿಯಮವನ್ನು ತೆಗೆದು ತೆರಿಗೆ ಅಧಿಕಾರಿ ಮತ್ತು ಕಿರಾಣಿ ಅಂಗಡಿಯವನ ನಡುವೆ ಇಟ್ಟಾಗ ಭಾರವೆಲ್ಲ ಒಂದೇ ಕಡೆಗೆ ವಾಲುತ್ತದೆ. ಒಂದೊಂದು ಕಾಯ್ದೆಯಲ್ಲಿ ಬೇರೆ ಬೇರೆ ಜಾರಿ ವಿಧಾನಗಳಿರುವುದೂ ಇದಕ್ಕೆ ಸೇರಿಕೊಳ್ಳುತ್ತದೆ: ಆದಾಯ ತೆರಿಗೆಗೆ ಒಂದು, ಜಿಎಸ್‌ಟಿಗೆ ಇನ್ನೊಂದು, ಪೊಲೀಸರಿಗೆ ಮತ್ತೊಂದು. ಇಡೀ ಕಾರ್ಯವಿಧಾನಕ್ಕೆ ಒಂದು ದೊಡ್ಡ ಸಂಹಿತೆ ಬರುವವರೆಗೆ ಕಾಯುವುದಕ್ಕಿಂತ, ಜಾರಿ ಮತ್ತು ಗಡುವಿಗೆ ಮಾತ್ರ ಅನ್ವಯಿಸುವ ಚಿಕ್ಕ ಕಾಯ್ದೆಯೊಂದು ಬಂದರೂ ಅರ್ಧ ರಿಟ್ ಅರ್ಜಿಗಳು ಹುಟ್ಟುವುದಿಲ್ಲ ಎಂಬುದು ನನ್ನ ಅನಿಸಿಕೆ.

ಪ್ರಶ್ನೆ: ನನ್ನ ತಾಯಿಗೆ ದೃಷ್ಟಿ ಇಲ್ಲ. ಸೌಲಭ್ಯವೊಂದಕ್ಕೆ ಅರ್ಜಿ ಸಲ್ಲಿಸುವಾಗ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಲು ಹೇಳುತ್ತದೆ. ಆಗದೆ ಅರ್ಜಿ ಅಲ್ಲಿಯೇ ನಿಲ್ಲುತ್ತದೆ. ಬೇರೆ ದಾರಿ ಇಲ್ಲ ಎನ್ನುತ್ತಾರೆ.

ಉತ್ತರ: ಬೇರೆ ದಾರಿ ಕೊಡಲೇಬೇಕು. ಆ್ಯಸಿಡ್ ದಾಳಿಗೆ ಒಳಗಾದವರು ಮತ್ತು ದೃಷ್ಟಿದೋಷವುಳ್ಳವರು ಇಂಥದ್ದೇ ತೊಂದರೆ ಹೇಳಿಕೊಂಡು ಸಲ್ಲಿಸಿದ ಅರ್ಜಿಗಳ ಮೇಲೆ 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದ್ದು, ಡಿಜಿಟಲ್ ಸೇವೆಗಳಿಗೆ ಪ್ರವೇಶ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದಿದೆ. ಇ-ಕೆವೈಸಿಯಲ್ಲಿ, ಅಂದರೆ ಆನ್‌ಲೈನ್ ಗುರುತು ಪರಿಶೀಲನೆಯಲ್ಲಿ, ಕಣ್ಣು ಮಿಟುಕಿಸುವುದೊಂದನ್ನೇ ಪರೀಕ್ಷೆಯಾಗಿ ಇಟ್ಟುಕೊಳ್ಳದೆ ಪರ್ಯಾಯ ಕಲ್ಪಿಸುವಂತೆಯೂ ನಿರ್ದೇಶಿಸಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯೂ ನಿಮ್ಮ ಬೆನ್ನಿಗಿದೆ. ಆ ತೀರ್ಪು ಮತ್ತು ಕಾಯ್ದೆಯನ್ನು ಉಲ್ಲೇಖಿಸಿ, ಯಾವ ಹಂತದಲ್ಲಿ ಅರ್ಜಿ ನಿಂತಿತು ಎಂಬುದನ್ನು ದಿನಾಂಕದೊಂದಿಗೆ ಬರೆದು, ಅಂಗವೈಕಲ್ಯದ ಗುರುತಿನ ಚೀಟಿಯ ಪ್ರತಿ ಲಗತ್ತಿಸಿ ಇಲಾಖೆಯ ಮುಖ್ಯಸ್ಥರಿಗೆ ಕೊಡಿ. ಸ್ಪಂದಿಸದಿದ್ದರೆ ಅದೇ ಪತ್ರದ ಸ್ವೀಕೃತ ಪ್ರತಿಯೊಂದಿಗೆ ರಾಜ್ಯದ ಅಂಗವಿಕಲ ವ್ಯಕ್ತಿಗಳ ಆಯುಕ್ತರ ಕಚೇರಿಗೆ ದೂರು ಸಲ್ಲಿಸಬಹುದು. ಆ ದೂರನ್ನು ತಾಯಿಯವರ ಹೆಸರಿನಲ್ಲಿಯೇ ಬರೆಯಿರಿ.